ಕಾಲವನ್ನು ಸಾಕ್ಷಿಗೆ ಕರೆದವರು

ಹೊರಮಾವು ಇನ್ನೂ ಬೆಂಗಳೂರಿನ ಹೊರಗೇ ಉಳಿದಿದ್ದ ಕಾಲದಲ್ಲಿ, ಎಂದರೆ ರೈಲ್ವೆ ಗೇಟನ್ನು ದಾಟಿ ಕೆರೆಯ ಕಡೆಗೆ ಹೊರಟವನಿಗೆ ಮನೆಗಳಿಗಿಂತ ರಾಗಿಯ ಹೊಲಗಳೂ ಮಾವಿನ ಮರಗಳೂ ಹೆಚ್ಚಾಗಿ ಕಾಣುತ್ತಿದ್ದ ದಿನಗಳಲ್ಲಿ, ನಮ್ಮ ತಂದೆಯವರು ಅಲ್ಲಿ ಕಟ್ಟಿಸಿದ ಮನೆಯ ಪಡಸಾಲೆಯಲ್ಲಿ ಒಂದು ವಿದ್ಯುತ್ ಗಡಿಯಾರವಿತ್ತು. ದಂಡು ಪ್ರದೇಶದ ಹರಾಜು ಮಳಿಗೆಯೊಂದರಲ್ಲಿ ಅವರು ಮೆಚ್ಚಿ ಕೊಂಡ ಇಂಗ್ಲೆಂಡಿನ ಗಡಿಯಾರ ಅದು. ಅದಕ್ಕೆ ಕೀಲಿ ಕೊಡಬೇಕಾಗಿರಲಿಲ್ಲ, ಲೋಲಕವಿರಲಿಲ್ಲ. ಗೋಡೆಯ ಪ್ಲಗ್ಗಿಗೆ ತಂತಿಯನ್ನು ಸಿಕ್ಕಿಸಿದೊಡನೆ ಒಳಗಿನ ಪುಟ್ಟ ಮೋಟಾರು ಸದ್ದಿಲ್ಲದೆ ತಿರುಗತೊಡಗಿ ಮುಳ್ಳುಗಳನ್ನು ನಡೆಸುತ್ತಿತ್ತು. ಆದರೆ ಹಗಲಿರುಳು ಒಂದು ಸಲವೂ ಕರೆಂಟು ಹೋಗದ ದಿನವೂ ಅದು ಇಪ್ಪತ್ತೈದು, ಮೂವತ್ತು ನಿಮಿಷಗಳಷ್ಟು ಹಿಂದೆ ಬೀಳುತ್ತಿತ್ತಾದ್ದರಿಂದ, ತಂದೆಯವರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿವಾಜಿನಗರದ ಒಬ್ಬ ವೃದ್ಧ ಗಡಿಯಾರ ರಿಪೇರಿಯವರಲ್ಲಿಗೆ ಒಯ್ದರು. ಆತ ಮೂರು ದಿನ ಇಟ್ಟುಕೊಂಡು, ತನ್ನ ಕೀಲಿಯ ಗಡಿಯಾರದೊಡನೆ ಹೋಲಿಸಿ ನೋಡಿ, ಬೆನ್ನಿಗೆ ‘ದೋಷ ಇಲ್ಲ’ ಎಂದು ಬರೆದ ಚೀಟಿಯನ್ನು ಅಂಟಿಸಿ ಹಿಂದಿರುಗಿಸುತ್ತ, “ಗಡಿಯಾರ ಸರಿಯಾಗಿದೆ ಸ್ವಾಮಿ, ಕರೆಂಟೇ ನಿಧಾನ” ಎಂದರು.

ಬಾಲ್ಯದಲ್ಲಿ ಆ ಮಾತು ನನಗೆ ಒಗಟಿನಂತೆ ಕೇಳಿಸಿತ್ತು. ಕರೆಂಟು ಇರುತ್ತದೆ ಅಥವಾ ಹೋಗುತ್ತದೆ, ಅದು ನಿಧಾನವಾಗುವುದೆಂದರೇನು? ಅನಂತರ ಭೌತಶಾಸ್ತ್ರವನ್ನು ಓದತೊಡಗಿದಮೇಲೆ ತಿಳಿಯಿತು, ಆ ವೃದ್ಧರ ವಾಕ್ಯ ಅಕ್ಷರಶಃ ಸತ್ಯವೆಂದು. ನಮ್ಮ ಮನೆಗಳಿಗೆ ಬರತಕ್ಕದ್ದು ಪರ್ಯಾಯ ವಿದ್ಯುತ್ತು. ಅದರ ದಿಕ್ಕು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಿರುಗಿ ಒಂದು ಆವರ್ತ ಪೂರ್ಣವಾಗುತ್ತದೆ. ಸೆಕೆಂಡಿಗೆ 50 ಆವರ್ತಗಳಾಗಬೇಕೆಂಬುದು ನಮ್ಮ ದೇಶದ ನಿಯಮ. ಆ ಬಗೆಯ ಗಡಿಯಾರದ ಮೋಟಾರು ಆವರ್ತಗಳನ್ನು ಎಣಿಸುತ್ತದೆಯೇ ಹೊರತು ಕಾಲವನ್ನು ತಾನಾಗಿ ಅರಿಯದು. ಐವತ್ತರ ಬದಲು 49 ಆವರ್ತಗಳು ಬಂದರೆ ನೂರಕ್ಕೆ ಎರಡರಷ್ಟು ಹಿಂದುಳಿಯುತ್ತದೆ, ದಿನವೊಂದಕ್ಕೆ ಸುಮಾರು 29 ನಿಮಿಷ. 1990ರ ದಶಕದಲ್ಲಿ ದಕ್ಷಿಣ ಭಾರತದ ವಿದ್ಯುಜ್ಜಾಲವು ಬೇಡಿಕೆಯ ಭಾರವನ್ನು ತಾಳಲಾರದೆ ಎಷ್ಟೋ ದಿನ 49ಕ್ಕಿಂತಲೂ ಕೆಳಗೆ ನಡೆಯುತ್ತಿತ್ತು. ನಮ್ಮ ಪಡಸಾಲೆಯ ಗಡಿಯಾರವು ಕಾಲವನ್ನು ತಪ್ಪಾಗಿ ತೋರಿಸುತ್ತ, ಜಾಲದ ನಾಡಿಯನ್ನು ಮಾತ್ರ ಯಥಾವತ್ತಾಗಿ ತೋರಿಸುತ್ತಿತ್ತು.

ಈ ನಾಡಿಯೆಂಬುದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಹಲಸೂರಿನ ಸೋಮೇಶ್ವರನ ತೇರನ್ನು ಕಂಡವರಿಗೆ ತಿಳಿಸುವುದು ಕಷ್ಟವಲ್ಲ. ನೂರಾರು ಕೈಗಳು ಒಂದೇ ಮಿಣಿಯನ್ನು ಹಿಡಿದು ಎಳೆಯುವಾಗ ತೇರಿನ ವೇಗ ಯಾವ ಒಬ್ಬನದೂ ಆಗಿರದೆ ಎಲ್ಲರದೂ ಆಗಿರುತ್ತದೆ. ದಾರಿ ಏರಾದಾಗ ಎಳೆಯುವವರು ಬಲವನ್ನು ಹೆಚ್ಚಿಸದಿದ್ದರೆ ಇಡೀ ತೇರು ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಕೈ ಸಡಿಲಿಸದಿದ್ದರೆ ಮುನ್ನುಗ್ಗುತ್ತದೆ. ಶರಾವತಿಯ ಕಣಿವೆಯಲ್ಲಿ ನೀರಿನಿಂದ ತಿರುಗುವ ಯಂತ್ರವೂ, ರಾಯಚೂರಿನಲ್ಲಿ ಕಲ್ಲಿದ್ದಲಿನ ಉಗಿಯಿಂದ ತಿರುಗುವ ಯಂತ್ರವೂ, ಕೈಗಾದ ಪರಮಾಣು ಸ್ಥಾವರದ ಯಂತ್ರವೂ ಅದೃಶ್ಯವಾದ ಒಂದೇ ಮಿಣಿಗೆ ಕೈಯಿಟ್ಟು, ಒಂದೇ ಲಯದಲ್ಲಿ ಸುತ್ತುತ್ತವೆ. ಸಂಜೆ ಆರೂವರೆಗೆ ಲಕ್ಷಾಂತರ ಮನೆಗಳಲ್ಲಿ ದೀಪಗಳು ಹೊತ್ತಿಕೊಂಡೊಡನೆ, ಎಲ್ಲಿಂದಲೋ ಬರಬೇಕಾದ ಆ ಹೆಚ್ಚುವರಿ ಶಕ್ತಿ ಮೊದಲ ಕ್ಷಣಗಳಲ್ಲಿ ಈ ಮಹಾಚಕ್ರಗಳ ಭ್ರಮಣದಿಂದಲೇ ಬರುತ್ತದೆ. ಅವು ಎಳ್ಳಷ್ಟು ನಿಧಾನವಾಗುತ್ತವೆ. ಆ ಎಳ್ಳಷ್ಟು ನಿಧಾನವೇ ಎಲ್ಲ ವಿದ್ಯುದಾಗಾರಗಳಿಗೂ ಏಕಕಾಲದಲ್ಲಿ ತಲಪುವ ಸಂದೇಶ. ಅದನ್ನು ಓದಬಲ್ಲವನು ಬೇಕು. ಓದಬಲ್ಲವರನ್ನೂ, ಓದುವ ಉಪಕರಣಗಳನ್ನು ನಿರ್ಮಿಸಿದವರನ್ನೂ ಸ್ಮರಿಸುವುದಕ್ಕಾಗಿಯೇ ಈ ಅಧ್ಯಾಯ.

ಬೆಂಗಳೂರಿನ ಪೂರ್ವಕ್ಕೆ ಪ್ರಯಾಣ ಮಾಡಿದರೆ ಕೋಲಾರ. ಈ ಕಥೆಯಲ್ಲಿ ಕೋಲಾರ ಎರಡು ಬಾರಿ ಬರುತ್ತದೆ. ಮೊದಲನೆಯದು 1902ರ ಜೂನ್ 30: ಕಾವೇರಿಯ ಶಿವನಸಮುದ್ರದ ಧಾರೆಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರವನ್ನು 35,000 ವೋಲ್ಟುಗಳ ಒತ್ತಡದಲ್ಲಿ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಅಷ್ಟು ದೂರದ ತಂತಿಮಾರ್ಗ ಆಗ ಲೋಕದಲ್ಲಿಯೇ ವಿರಳ. ಸೈನ್ಯದ ಎಂಜಿನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯೇರ್ ಜಲಪಾತವನ್ನು ಪರಿಶೀಲಿಸಿ, ಪಾಶ್ಚಾತ್ಯ ದೇಶಗಳನ್ನು ಸುತ್ತಿ ಬಂದು ರೂಪಿಸಿದ ಯೋಜನೆಗೆ, ಅದು ಸಾಧ್ಯವೆಂದು ನಂಬಿ ರಾಜ್ಯದ ಬೊಕ್ಕಸವನ್ನು ತೆರೆದವರು ದಿವಾನ್ ಶೇಷಾದ್ರಿ ಅಯ್ಯರ್. ಆದರೆ ಅವರು 1901ರಲ್ಲಿಯೇ ತೀರಿಕೊಂಡದ್ದರಿಂದ, ಗಣಿಯ ಮೊದಲ ಯಂತ್ರ ಕಾವೇರಿಯ ಬಲದಿಂದ ತಿರುಗಿದುದನ್ನು ಕಾಣಲಿಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಬೆಳಗಿದ್ದೂ ಅದೇ ಧಾರೆಯಿಂದಲೇ.

ಆ ಕಾಲದಲ್ಲಿ ಜಾಲವೆಂಬುದಿರಲಿಲ್ಲ, ಒಂದು ಎಳೆ ಇತ್ತು. ಒಂದು ಎಳೆಯನ್ನು ಕಾಯುವುದಕ್ಕೆ ತಂತಿಯ ಕೆಳಗೆ ನಡೆಯುವ ಕಾವಲುಗಾರನ ಕಣ್ಣು, ಎರಡು ಕೊನೆಗಳಲ್ಲಿ ಮುಳ್ಳು ಅಲ್ಲಾಡುವ ಮೀಟರು, ಇಷ್ಟು ಸಾಕಾಗಿತ್ತು. ಜೋಗವೂ ಶರಾವತಿಯೂ ಸೇರಿ, ನೆರೆಯ ರಾಜ್ಯಗಳ ತಂತಿಗಳೂ ಕೂಡಿಕೊಂಡಮೇಲೆ ಎಳೆಗಳು ಬಲೆಯಾದುವು. ಬಲೆಯ ಒಂದು ಮೂಲೆಯಲ್ಲಿ ನಿಂತವನಿಗೆ ಇನ್ನೊಂದು ಮೂಲೆ ಕಾಣದು. 1964ರಲ್ಲಿ ದಕ್ಷಿಣ ಪ್ರಾಂತ್ಯದ ವಿದ್ಯುತ್ ಮಂಡಲಿಯೊಂದು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪಿತವಾದುದು ಈ ಕಾರಣಕ್ಕಾಗಿಯೇ. ರೇಸ್‌ಕೋರ್ಸಿನ ಸಮೀಪದಲ್ಲಿ ಇಂದಿಗೂ ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರವೂ, ದಕ್ಷಿಣ ಪ್ರಾಂತ್ಯದ ಕೇಂದ್ರವೂ ಇವೆ. ಹೊರಮಾವಿನ ನಮ್ಮ ಮನೆಯ ದೀಪ ಸ್ಥಿರವಾಗಿ ಉರಿಯುವುದು ಹತ್ತು ಹನ್ನೆರಡು ಕಿಲೋಮೀಟರು ದೂರದ ಆ ಕೊಠಡಿಗಳಲ್ಲಿ ಪಾಳಿಯ ಮೇಲೆ ಕುಳಿತಿರುವ ಎಂಜಿನಿಯರುಗಳ ಎಚ್ಚರದಿಂದ. ಹಿಂದೆ ಅವರ ಮುಂದಿದ್ದ ಸಾಧನಗಳು ಎಷ್ಟು ಸರಳವಾಗಿದ್ದುವೆಂಬುದನ್ನು ನೆನೆದರೆ ಗೌರವ ಇಮ್ಮಡಿಯಾಗುತ್ತದೆ. ಆವರ್ತನವನ್ನು ತೋರಿಸುವ ಒಂದು ಮೀಟರು, ಗೋಡೆಯ ಮೇಲೆ ಜಾಲದ ಒಂದು ನಕ್ಷೆ, ಕೈಯಲ್ಲೊಂದು ಟೆಲಿಫೋನು. ಆ ಟೆಲಿಫೋನಿನ ಧ್ವನಿಯನ್ನು ಲಕ್ಷಾಂತರ ವೋಲ್ಟುಗಳನ್ನು ಹೊತ್ತ ಅದೇ ತಂತಿಗಳ ಮೇಲೆಯೇ ಉಚ್ಚ ಆವರ್ತನದ ಅಲೆಯಾಗಿ ಕಳುಹಿಸುವ ಉಪಾಯವೊಂದಿತ್ತು. ಉಪಕೇಂದ್ರಗಳಲ್ಲಿ ತಂತಿಯ ದಾರಿಯಲ್ಲಿ ಪಂಜರದಂತೆ ತೂಗಿರುವ ದೊಡ್ಡ ಸುರುಳಿಗಳನ್ನು ಕಂಡವರು ಅದರ ಅಂಗವನ್ನು ಕಂಡವರೇ. ಶರಾವತಿಗೆ ಕರೆಮಾಡಿ ಇನ್ನೊಂದು ಯಂತ್ರವನ್ನು ಎತ್ತಿರೆಂದು ಹೇಳುವುದು, ಅದೂ ಸಾಲದಾದಾಗ ಯಾವ ಊರನ್ನು ಎಷ್ಟು ಹೊತ್ತು ಕತ್ತಲೆಗೆ ಒಪ್ಪಿಸಬೇಕೆಂದು ನಿರ್ಧರಿಸುವುದು, ಇದು ಅವರ ನಿತ್ಯಕರ್ಮ. ಆ ನಿರ್ಧಾರದ ಭಾರವನ್ನು ಹೊತ್ತವರನ್ನು ಶಪಿಸಿದವರುಂಟು; ಅದು ಇಡೀ ನಾಡು ಕತ್ತಲಾಗದಿರಲೆಂದು ತೆಗೆದುಕೊಂಡ ನಿರ್ಧಾರವೆಂದು ಅರಿತವರು ಕಡಮೆ.

ಆವರ್ತನವನ್ನು ಓದುವುದೊಂದೇ ಅಲ್ಲದೆ, ಅದಕ್ಕೆ ಬೆಲೆ ಕಟ್ಟಿದವರೊಬ್ಬರಿದ್ದಾರೆ. ಭಾನು ಭೂಷಣ್ ಎಂಬ ಎಂಜಿನಿಯರು ಮುಂದಿಟ್ಟ ವಿಚಾರ ಇದು: ಒಪ್ಪಿಕೊಂಡದ್ದಕ್ಕಿಂತ ಹೆಚ್ಚಾಗಿ ವಿದ್ಯುತ್ತನ್ನು ಸೆಳೆಯುವ ರಾಜ್ಯವು, ಆ ಗಳಿಗೆಯ ಆವರ್ತನ ಎಷ್ಟು ಕೆಳಗಿದೆಯೋ ಅಷ್ಟು ಹೆಚ್ಚಿನ ದರವನ್ನು ತೆರಬೇಕು, ಆವರ್ತನ ಮೇಲಿದ್ದಾಗ ದರ ಇಳಿಯಬೇಕು. ಬೆಲೆಯನ್ನು ಸಾರುವುದಕ್ಕೆ ಬೇರೆ ಡಂಗುರ ಬೇಕಾಗಲಿಲ್ಲ, ದೇಶದ ಯಾವ ಮನೆಯ ಪ್ಲಗ್ಗಿನಲ್ಲಾದರೂ ಅದನ್ನು ಅಳೆದುಕೊಳ್ಳಬಹುದಾಗಿತ್ತು. ದಕ್ಷಿಣ ಪ್ರಾಂತ್ಯದಲ್ಲಿ 2003ರ ಜನವರಿ 1ರಿಂದ ಈ ಪದ್ಧತಿ ಜಾರಿಗೆ ಬಂದಿತು. ಅದಾದ ಕೆಲವೇ ತಿಂಗಳುಗಳಲ್ಲಿ, ಯಾರೂ ಕೈಮುಟ್ಟದೆಯೇ, ನಮ್ಮ ಪಡಸಾಲೆಯ ಗಡಿಯಾರ ಹೆಚ್ಚುಕಡಮೆ ಸರಿಯಾದ ಹೊತ್ತನ್ನು ತೋರಿಸತೊಡಗಿತು. ತಂದೆಯವರು ಬಹಳ ದಿನ ಅದನ್ನು ನಂಬಲಿಲ್ಲ. ರೇಡಿಯೋ ವಾರ್ತೆಯ ಹೊತ್ತಿಗೆ ಅದರ ಕೆಳಗೆ ನಿಂತು ಪರೀಕ್ಷಿಸುತ್ತಿದ್ದರು.

ಆವರ್ತನವು ಜಾಲದ ಆರೋಗ್ಯದ ಒಂದು ಲಕ್ಷಣ ಮಾತ್ರ. ನಾಡಿ ಸರಿಯಾಗಿ ಮಿಡಿಯುತ್ತಿರುವವನ ದೇಹದಲ್ಲಿಯೂ ಎಲ್ಲಿಯೋ ಒಂದು ರಕ್ತನಾಳ ಬಿರಿಯುವಂತಿರಬಹುದು. ಒದ್ದೆಯ ಪಂಚೆಯೊಂದನ್ನು ಇಬ್ಬರು ಎರಡು ಕೊನೆಗಳಲ್ಲಿ ಹಿಡಿದುಕೊಂಡು, ಇಬ್ಬರೂ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸುತ್ತುತ್ತಿರುವರೆಂದು ಭಾವಿಸೋಣ. ಇಬ್ಬರೂ ಒಟ್ಟಿಗೇ ಸುತ್ತಿದರೆ ಪಂಚೆ ಬಿಗಿಯುವುದಿಲ್ಲ; ಒಬ್ಬನ ಕೈ ಇನ್ನೊಬ್ಬನದಕ್ಕಿಂತ ಸ್ವಲ್ಪ ಮುಂದಾಗಿದ್ದರೆ ಆ ವ್ಯತ್ಯಾಸದಷ್ಟೇ ಅದು ಹುರಿಗೊಳ್ಳುತ್ತದೆ, ಮುಂದಿರುವವನ ಬಲ ಹಿಂದಿರುವವನಿಗೆ ಆ ಹುರಿಯ ಮೂಲಕವೇ ಸಾಗುತ್ತದೆ. ವಿದ್ಯುತ್ ಮಾರ್ಗದ ಎರಡು ಕೊನೆಗಳ ವೋಲ್ಟೇಜು ಅಲೆಗಳಲ್ಲಿಯೂ ಇದೇ ಪರಿ. ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಅಂಶ ಮುಂದಿದೆಯೆಂಬುದನ್ನು ಶಾಸ್ತ್ರಜ್ಞರು ಪ್ರಾವಸ್ಥೆಯ ಕೋನವೆನ್ನುತ್ತಾರೆ. ಕೋನ ಹಿಗ್ಗಿದಂತೆಲ್ಲ ಮಾರ್ಗದಲ್ಲಿ ಹರಿಯುವ ಶಕ್ತಿ ಹೆಚ್ಚುತ್ತದೆ. ತೊಂಬತ್ತು ಅಂಶದ ಮೇರೆಯನ್ನು ಮೀರಿದರೆ ಹುರಿ ಹರಿದಂತೆ, ಎರಡು ಕಡೆಯ ಯಂತ್ರಗಳ ಲಯಬಂಧ ಕಡಿದುಹೋಗುತ್ತದೆ. ಅಲೆಯ ಎತ್ತರವನ್ನೂ ಕೋನವನ್ನೂ ಒಂದೇ ಸಂಕೇತದಲ್ಲಿ ಹಿಡಿದಿಡುವ ಗಣಿತವನ್ನು 1893ರಷ್ಟು ಹಿಂದೆಯೇ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಕೊಟ್ಟಿದ್ದರು. ಫೇಸರ್ ಎಂಬುದು ಆ ಸಂಕೇತದ ಹೆಸರು. ಗಣಿತವಿತ್ತು, ಅಳತೆಯಿರಲಿಲ್ಲ.

ಅಳೆಯುವುದು ಏಕೆ ಕಷ್ಟವಾಯಿತೆಂಬುದರಲ್ಲಿಯೇ ಈ ವಿಷಯದ ಸ್ವಾರಸ್ಯವೆಲ್ಲ ಅಡಗಿದೆ. ರಾಯಚೂರಿನ ಅಲೆಯೂ ಕೋಲಾರದ ಅಲೆಯೂ ಒಂದೇ ಕ್ಷಣದಲ್ಲಿ ಯಾವ ಸ್ಥಿತಿಯಲ್ಲಿದ್ದುವೆಂದು ಹೋಲಿಸಬೇಕಾದರೆ ‘ಒಂದೇ ಕ್ಷಣ’ವೆಂಬುದನ್ನು ಎರಡೂ ಊರುಗಳಲ್ಲಿ ನಿಶ್ಚಯಿಸಬೇಕು. ಒಂದು ಆವರ್ತಕ್ಕೆ ಹಿಡಿಯುವುದು ಸೆಕೆಂಡಿನ ಐವತ್ತನೆಯ ಒಂದು ಭಾಗ; ಅದರಲ್ಲಿ 360 ಅಂಶಗಳು. ಎರಡು ಊರುಗಳ ಗಡಿಯಾರಗಳಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಅಂತರವಿದ್ದರೂ ಕೋನದಲ್ಲಿ 18 ಅಂಶಗಳ ತಪ್ಪು ಬಂದು ಲೆಕ್ಕವೆಲ್ಲ ನಿಷ್ಪ್ರಯೋಜಕವಾಗುತ್ತದೆ. ನಮ್ಮ ಮನೆಯ ಗಡಿಯಾರದಂತೆ ಜಾಲದ ಲಯವನ್ನೇ ಅನುಸರಿಸುವ ಗಡಿಯಾರವಂತೂ ಇಲ್ಲಿ ಸರ್ವಥಾ ಸಲ್ಲದು. ಜಾಲದ ಅಧೀನವಾಗಿರುವ ಕಾಲ ಜಾಲದ ಪರವಾಗಿಯೂ ವಿರುದ್ಧವಾಗಿಯೂ ಸಾಕ್ಷಿ ಹೇಳಲಾರದು. ಸಾಕ್ಷಿ ಹೊರಗಿನಿಂದ ಬರಬೇಕು.

ಆ ಸಾಕ್ಷಿಯನ್ನು ಕರೆತಂದವರಲ್ಲಿ ಅಗ್ರಗಣ್ಯರು ಅರುಣ್ ಫಡ್ಕೆ. 1938ರಲ್ಲಿ ಗ್ವಾಲಿಯರಿನಲ್ಲಿ ಜನಿಸಿ, ಖರಗಪುರದ ಐಐಟಿಯಲ್ಲಿ ಪದವಿ ಪಡೆದು, ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಪಿಎಚ್‌.ಡಿ. ಮುಗಿಸಿದ ಅವರು 1970ರ ದಶಕದಲ್ಲಿ ಅಮೆರಿಕನ್ ಎಲೆಕ್ಟ್ರಿಕ್ ಪವರ್ ಎಂಬ ಸಂಸ್ಥೆಯಲ್ಲಿ ಒಂದು ಬೇರೆಯೇ ಸಮಸ್ಯೆಯೊಡನೆ ಹೆಣಗುತ್ತಿದ್ದರು. ತಂತಿಮಾರ್ಗದಲ್ಲಿ ಎಲ್ಲಿಯಾದರೂ ದೋಷವುಂಟಾದರೆ ಅದು ಎಷ್ಟು ದೂರದಲ್ಲಿದೆಯೆಂದು ಅಳೆದು ಮಾರ್ಗವನ್ನು ಕಡಿದುಹಾಕುವ ರಿಲೇ ಎಂಬ ರಕ್ಷಕ ಉಪಕರಣವನ್ನು ಕಂಪ್ಯೂಟರಿನ ಮೂಲಕ ಮಾಡಬೇಕಾಗಿತ್ತು. ಅಂದಿನ ಕಂಪ್ಯೂಟರಿನ ವೇಗವೋ ಅತ್ಯಲ್ಪ. ಮೂರು ತಂತಿಗಳಲ್ಲಿ ಆಗಬಹುದಾದ ನಾನಾ ವಿಧದ ದೋಷಗಳಿಗೆ ಒಂದೊಂದು ಸಮೀಕರಣವನ್ನು ಬಿಡಿಸುವಷ್ಟು ಸಮಯವಿಲ್ಲದಿದ್ದುದರಿಂದ, ಅವರೂ ಅವರ ಸಹೋದ್ಯೋಗಿಗಳೂ, 1918ರಲ್ಲಿ ಫಾರ್ಟೆಸ್ಕ್ಯೂ ಎಂಬವರು ಕಂಡುಹಿಡಿದಿದ್ದ ಸಮಮಿತ ಘಟಕಗಳೆಂಬ ಗಣಿತವನ್ನು ಆಶ್ರಯಿಸಿ, ಎಲ್ಲವನ್ನೂ ಒಂದೇ ಸಮೀಕರಣಕ್ಕೆ ಇಳಿಸಿದರು. 1977ರಲ್ಲಿ ಅದು ಪ್ರಕಟವಾಯಿತು. ಆ ಉಪಾಯದ ನಡುವೆ ತಾನಾಗಿ ಹೊರಬಿದ್ದದ್ದು ವೋಲ್ಟೇಜಿನ ಫೇಸರು. ಅದೂ ಆವರ್ತದಿಂದ ಆವರ್ತಕ್ಕೆ, ಹಿಂದೆಂದೂ ಕಾಣದಷ್ಟು ನಿಖರವಾಗಿ. ರಿಲೇಗಾಗಿ ಅಗೆಯುತ್ತಿದ್ದವರಿಗೆ ಜಾಲವನ್ನೇ ನೋಡಬಲ್ಲ ಕಣ್ಣು ದೊರೆತಿತ್ತು. ಕೊರತೆ ಉಳಿದದ್ದು ಸಮಾನ ಕಾಲದ್ದೊಂದೇ.

ಜಿಪಿಎಸ್ ಉಪಗ್ರಹಗಳು ಆಗತಾನೇ ಒಂದೊಂದಾಗಿ ಮೇಲೇರುತ್ತಿದ್ದುವು. ಪರಮಾಣು ಗಡಿಯಾರಗಳನ್ನು ಹೊತ್ತು ಭೂಮಿಯನ್ನು ಸುತ್ತುವ ಅವು ಸ್ಥಳವನ್ನು ತಿಳಿಸುವುದಕ್ಕಾಗಿ ಹುಟ್ಟಿದ್ದರೂ, ವಾಸ್ತವವಾಗಿ ಅವು ಹಂಚುವುದು ಕಾಲವನ್ನು; ಭೂಮಿಯ ಯಾವ ಮೂಲೆಯಲ್ಲಾದರೂ ಸೆಕೆಂಡಿನ ಹತ್ತುಲಕ್ಷದ ಒಂದು ಭಾಗದಷ್ಟು ನಿಖರವಾಗಿ. ಕೋನದ ಲೆಕ್ಕದಲ್ಲಿ ಅಷ್ಟು ತಪ್ಪೆಂದರೆ ಒಂದು ಅಂಶದ ಐವತ್ತನೆಯ ಭಾಗಕ್ಕಿಂತಲೂ ಕಡಮೆ. 1982ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯಕ್ಕೆ ಬಂದ ಫಡ್ಕೆಯವರೂ, ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಥಾರ್ಪ್ ಅವರೂ, ಆಡಮಿಯಾಕ್ ಎಂಬ ಸಹೋದ್ಯೋಗಿಯೂ ಸೇರಿ 1983ರಲ್ಲಿ ಅಳತೆಯ ವಿಧಾನವನ್ನು ಪ್ರಕಟಿಸಿದರು; 1988ರಲ್ಲಿ ವರ್ಜೀನಿಯಾ ಟೆಕ್ಕಿನ ಪ್ರಯೋಗಶಾಲೆಯಲ್ಲಿ ಲೋಕದ ಮೊತ್ತಮೊದಲ ಫೇಸರ್ ಮಾಪಕ ಸಿದ್ಧವಾಯಿತು. ಎಂಜಿನಿಯರುಗಳು ಅದನ್ನು ಪಿಎಂಯು ಎನ್ನುತ್ತಾರೆ. ಹಳೆಯ ವ್ಯವಸ್ಥೆ ಕೆಲವು ಸೆಕೆಂಡುಗಳಿಗೊಮ್ಮೆ ಒಂದು ಚಿತ್ರವನ್ನು ಕೊಡುತ್ತಿದ್ದರೆ, ಇದು ಸೆಕೆಂಡಿಗೆ 25 ಅಥವಾ 50 ಬಾರಿ, ಪ್ರತಿಯೊಂದು ಚಿತ್ರದ ಮೇಲೂ ಕಾಲದ ಮುದ್ರೆಯನ್ನೊತ್ತಿ ಕಳುಹಿಸುತ್ತದೆ. 2008ರಲ್ಲಿ ಫಡ್ಕೆ ಮತ್ತು ಥಾರ್ಪ್ ಇಬ್ಬರಿಗೂ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆ ಬೆಂಜಮಿನ್ ಫ್ರಾಂಕ್ಲಿನ್ ಪದಕವನ್ನಿತ್ತು ಸನ್ಮಾನಿಸಿತು. ಇಪ್ಪತ್ತು ವರ್ಷಗಳ ವಿಳಂಬ ದೀರ್ಘವೆಂದು ತೋರಬಹುದು. ಆದರೆ ಆ ನಡುವೆ, 2003ರ ಆಗಸ್ಟ್ 14ರಂದು, ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು ಐದು ಕೋಟಿ ಜನ ಕತ್ತಲೆಗೆ ಬಿದ್ದಾಗ, ಯಾವ ಮಾರ್ಗ ಮೊದಲು ಕಡಿದುಹೋಯಿತು, ಯಾವುದು ಅನಂತರ ಎಂಬುದನ್ನು ಜೋಡಿಸಲು ತನಿಖೆಯವರು ಬಹುವಾಗಿ ತೊಳಲಿದರು, ಏಕೆಂದರೆ ಎಷ್ಟೋ ದಾಖಲೆ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಫಡ್ಕೆಯವರ ಸಾಧನೆಯ ಬೆಲೆ ಲೋಕಕ್ಕೆ ವಿಶದವಾದದ್ದು ಆಗ.

ಅಳೆದ ಮಾತ್ರಕ್ಕೆ ಅರ್ಥವಾಗುವುದಿಲ್ಲ. ಕೋನಗಳು ತೂಗಾಡುತ್ತಿವೆಯೆಂದು ಕಂಡಮೇಲೆ, ಈ ತೂಗಾಟ ತಾನಾಗಿ ಶಮನಗೊಳ್ಳುವುದೋ, ಬೆಳೆದು ಜಾಲವನ್ನು ಒಡೆಯುವುದೋ ಎಂಬುದನ್ನು ಹೇಳಬಲ್ಲ ಶಾಸ್ತ್ರ ಬೇಕು. ಇಲ್ಲಿ ನಮ್ಮ ಕರಾವಳಿಯ ಒಬ್ಬರ ಹೆಸರನ್ನು ಹೆಮ್ಮೆಯಿಂದ ಹೇಳಬೇಕಾಗುತ್ತದೆ. ಮಂಗಳೂರು ಅನಂತ ಪೈ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಲ್ಲಿ ಹೊತ್ತು, ಬರ್ಕ್ಲಿಯಲ್ಲಿ ಪಿಎಚ್‌.ಡಿ. ಪಡೆದು, ಕಾನ್ಪುರದ ಐಐಟಿಯಲ್ಲಿ ಹಲವು ವರ್ಷ ಕಲಿಸಿ, 1981ರಿಂದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ವಿಚಾರವನ್ನು ಬಟ್ಟಲಿನಲ್ಲಿಟ್ಟ ಗೋಲಿಯ ದೃಷ್ಟಾಂತದಿಂದ ತಿಳಿಯಬಹುದು. ಗೋಲಿಯನ್ನು ಬೆರಳಿನಿಂದ ಚಿಮ್ಮಿದರೆ ಅದು ಅಂಚಿನತ್ತ ಏರಿ ಮತ್ತೆ ತಳಕ್ಕೆ ಬರುವುದೋ, ಅಂಚನ್ನು ದಾಟಿ ನೆಲಕ್ಕೆ ಬೀಳುವುದೋ ಎಂಬುದನ್ನು ತಿಳಿಯಲು ಅದರ ಹಾದಿಯ ಪ್ರತಿಯೊಂದು ಬಿಂದುವನ್ನೂ ಲೆಕ್ಕಹಾಕಬೇಕಾಗಿಲ್ಲ. ಚಿಮ್ಮಿದಾಗ ಅದಕ್ಕೆ ದೊರೆತ ಶಕ್ತಿ ಅಂಚಿನ ಎತ್ತರಕ್ಕೆ ಏರುವಷ್ಟಿದೆಯೇ ಎಂದು ನೋಡಿದರೆ ಸಾಕು. ರಷ್ಯದ ಲ್ಯಾಪುನೋವ್ ಕೊಟ್ಟ ಈ ನೇರ ವಿಧಾನವನ್ನು ನೂರಾರು ಯಂತ್ರಗಳ ವಿದ್ಯುಜ್ಜಾಲಕ್ಕೆ ಅನ್ವಯಿಸುವುದೆಂದರೆ ಬಟ್ಟಲಿನ ಆಕಾರವನ್ನೇ ಮೊದಲು ಕಂಡುಹಿಡಿಯಬೇಕು. ಅದು ನೂರಾರು ಆಯಾಮಗಳ, ಕಣ್ಣಿಗೆ ನಿಲುಕದ ಬಟ್ಟಲು. ಪೈಯವರ 1981ರ ಗ್ರಂಥವೂ ಮುಂದಿನ ಗ್ರಂಥಗಳೂ ಈ ಕ್ಷೇತ್ರದಲ್ಲಿ ದುಡಿಯುವವರಿಗೆ ದಾರಿದೀಪವಾದುವು. 1974ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ಅದೇ ಕಾನ್ಪುರದಲ್ಲಿ ಅಧ್ಯಾಪನ ಮಾಡಿ, ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಕೆ. ಆರ್. ಪಡಿಯಾರ್ ಅವರ, ವಿದ್ಯುತ್ ವ್ಯವಸ್ಥೆಯ ಗತಿಶಾಸ್ತ್ರವನ್ನು ಕುರಿತ ಪುಸ್ತಕವನ್ನು ಓದದೆ ಈ ವಿಷಯದಲ್ಲಿ ಮುಂದುವರಿದ ವಿದ್ಯಾರ್ಥಿ ನಮ್ಮಲ್ಲಿ ದುರ್ಲಭ. ಅವರ ಇನ್ನೊಂದು ಗ್ರಂಥದ ವಿಷಯ ಹೈ ವೋಲ್ಟೇಜ್ ಏಕಮುಖ ವಿದ್ಯುತ್ತಿನ ಸಾಗಾಟ. ಅದರಿಂದಲೇ ನಾವು ಮತ್ತೆ ಕೋಲಾರಕ್ಕೆ ಬರುತ್ತೇವೆ.

ಒಡಿಶಾದ ತಾಲ್ಚೇರಿನಿಂದ ಹೊರಟು ಸಾವಿರದ ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಏಕಮುಖ ವಿದ್ಯುತ್ತಾಗಿ ಕ್ರಮಿಸಿ 2,000 ಮೆಗಾವಾಟ್ ಶಕ್ತಿಯನ್ನು ತರಬಲ್ಲ ಮಾರ್ಗವೊಂದು 2003ರಲ್ಲಿ ಕೋಲಾರವನ್ನು ಮುಟ್ಟಿತು. ಏಕಮುಖ ವಿದ್ಯುತ್ತಿನಲ್ಲಿ ಆವರ್ತವಿಲ್ಲ, ಕೋನವಿಲ್ಲ. ಶಕ್ತಿ ಬರುತ್ತದೆ, ಆದರೆ ಆಚೆಯ ಜಾಲದ ಲಯವಾಗಲಿ ಲಯಭಂಗವಾಗಲಿ ಈಚೆಗೆ ಬರುವುದಿಲ್ಲ. ಇದರ ಮಹತ್ವ 2012ರ ಜುಲೈ 30ರಂದೂ 31ರಂದೂ ತಿಳಿಯಿತು. ಮೊದಲ ದಿನ ನಸುಕಿನ ಎರಡೂವರೆಯ ಸುಮಾರಿಗೆ ಬೀನಾದಿಂದ ಗ್ವಾಲಿಯರಿಗೆ ಹೋಗುವ 400 ಕಿಲೋವೋಲ್ಟ್ ಮಾರ್ಗವನ್ನು ಅದರ ರಿಲೇ ಕಡಿದುಹಾಕಿತು. ಮಾರ್ಗದಲ್ಲಿ ದೋಷವಿರಲಿಲ್ಲ, ಅತಿಭಾರವಿತ್ತು. ಅತಿಭಾರವನ್ನು ಅದು ದೂರದ ದೋಷವೆಂದು ಬಗೆಯಿತು. ಗ್ವಾಲಿಯರಿನಲ್ಲಿ ಹುಟ್ಟಿದ ಒಬ್ಬರು ತಮ್ಮ ಯೌವನವನ್ನೆಲ್ಲ ಅಂಥ ರಿಲೇಯ ವಿವೇಕವನ್ನು ತಿದ್ದುವುದರಲ್ಲಿ ಕಳೆದಿದ್ದರೆಂಬುದನ್ನು ನೆನೆದಾಗ ಮನಸ್ಸು ಕ್ಷಣಕಾಲ ಸ್ತಬ್ಧವಾಗುತ್ತದೆ. ಉತ್ತರದ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದು ದೇಶದ ಅರ್ಧದಷ್ಟು ಜನ ಕತ್ತಲಲ್ಲಿ ಕುಳಿತರು. ದಕ್ಷಿಣ ಆಗ ಏಕಮುಖ ಮಾರ್ಗಗಳಿಂದ ಮಾತ್ರ ಉಳಿದ ದೇಶಕ್ಕೆ ಸೇರಿಕೊಂಡಿತ್ತು. ಪೂರ್ವದಿಂದ ಬರುತ್ತಿದ್ದ ಶಕ್ತಿ ಒಮ್ಮೆಗೇ ನಿಂತುಹೋಗಿ ಇಲ್ಲಿಯ ಆವರ್ತನವೂ ಕುಸಿಯಿತು; ಆದರೆ ಕೆಳಗಿಳಿದ ಆವರ್ತನವನ್ನು ತಾನಾಗಿ ಗ್ರಹಿಸಿ ಕೆಲವು ಮಾರ್ಗಗಳನ್ನು ಕ್ಷಣಾರ್ಧದಲ್ಲಿ ಕಡಿದುಹಾಕುವ ರಿಲೇಗಳು ತಮ್ಮ ಕರ್ತವ್ಯವನ್ನು ಮಾಡಿದುವು, ಜಾಲ ನಿಂತಿತು. ಆ ರಿಲೇಗಳನ್ನು ಎಂದೋ ಅಳವಡಿಸಿ, ಪರೀಕ್ಷಿಸಿ, ಅಂಕೆಗಳನ್ನು ಹೊಂದಿಸಿಟ್ಟವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಉತ್ತರದಲ್ಲಿ 2010ರಿಂದ ಕೆಲವೇ ಕಡೆಗಳಲ್ಲಿ ಇರಿಸಿದ್ದ ಪಿಎಂಯುಗಳ ದಾಖಲೆ ತನಿಖೆಗೆ ನೆರವಾಯಿತು.

ಮುಂದಿನ ವರ್ಷ, 2013ರ ಡಿಸೆಂಬರ್ 31ರಂದು, ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಮಾರ್ಗವನ್ನು ಜೋಡಿಸಿ ದಕ್ಷಿಣದ ಲಯವನ್ನು ಉಳಿದ ದೇಶದ ಲಯದೊಡನೆ ಕೂಡಿಸಲಾಯಿತು. ಅಲ್ಲಿಂದಾಚೆಗೆ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಒಂದೇ ಆವರ್ತನ. ಹೀಗೆ ಕೂಡಿಸುವುದು ಧೈರ್ಯದ ಕೆಲಸ. ಎರಡು ಜಾಲಗಳ ಆವರ್ತನ, ವೋಲ್ಟೇಜು, ಕೋನ ಮೂರೂ ಸಮೀಪಿಸಿದ ಕ್ಷಣದಲ್ಲಿಯೇ ಕೊಂಡಿ ಬೀಳಬೇಕು. ಕೋನ ಹೆಚ್ಚಾಗಿದ್ದಾಗ ಬಿದ್ದರೆ ಅಗಾಧವಾದ ಆಘಾತ. ಕೊಂಡಿ ಬಿದ್ದಮೇಲೆಯೂ, ತೆಳ್ಳನೆಯ ಹಗ್ಗದಿಂದ ಕಟ್ಟಿದ ಎರಡು ದೋಣಿಗಳು ಅಲೆಯ ಮೇಲೆ ತೂಗಾಡುವಂತೆ, ಎರಡು ಮಹಾಜಾಲಗಳು ಪರಸ್ಪರ ಓಲಾಡುತ್ತವೆ. ಒಂದು ಓಲಾಟಕ್ಕೆ ಕೆಲವು ಸೆಕೆಂಡುಗಳು ಹಿಡಿಯುತ್ತವೆ. ಕೆಲವು ಸೆಕೆಂಡುಗಳಿಗೊಮ್ಮೆ ಕಣ್ಣು ತೆರೆಯುವ ಹಳೆಯ ವ್ಯವಸ್ಥೆಗೆ ಈ ಓಲಾಟ ಗೋಚರವಾಗದು. ಪಿಎಂಯುವಿಗೆ ಅದು ಅಂಗೈಯ ರೇಖೆಯಂತೆ ಸ್ಪಷ್ಟ. ದೇಶದಾದ್ಯಂತ ಸಾವಿರಕ್ಕೂ ಮಿಕ್ಕ ಮಾಪಕಗಳನ್ನು ನೆಡುವ ಯೋಜನೆಗೆ ಕೈಹಾಕಿದ್ದು ಈ ಕಾರಣದಿಂದ. ಇನ್ನು ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನದಂಥವು ಬಂದಮೇಲೆ ಅವುಗಳ ಅಗತ್ಯ ಮತ್ತಷ್ಟು ಹೆಚ್ಚಿದೆ. ಸೂರ್ಯಫಲಕದಲ್ಲಿ ತಿರುಗುವ ಚಕ್ರವಿಲ್ಲ. ತೇರಿನ ಮಿಣಿಗೆ ಕೈಹಚ್ಚಿದರೂ ಅದು ತನ್ನ ಮೈಭಾರವನ್ನು ಕೊಡುವುದಿಲ್ಲ. ಆದ್ದರಿಂದ ತೇರು ಹಗುರಾಗಿ, ಏರುತಗ್ಗುಗಳಿಗೆ ಬೇಗ ಬೆದರುತ್ತದೆ.

ಗೌರವದ ವಿಷಯದಲ್ಲಿ ನನಗೊಂದು ನೋವಿದೆ. ಸೇತುವೆ ಕಟ್ಟಿದವನ ಹೆಸರನ್ನು ಸೇತುವೆಯ ಕಲ್ಲಿನ ಮೇಲೆ ಓದಬಹುದು. ಅಣೆಕಟ್ಟಿನ ಎಂಜಿನಿಯರಿಗೆ ಅಣೆಕಟ್ಟೇ ಸ್ಮಾರಕ. ಜಾಲವನ್ನು ಕಾಯುವವನ ಸಾಧನೆಯೆಂದರೆ ಏನೂ ಆಗದಿದ್ದ ರಾತ್ರಿ. ಅದನ್ನು ಎಲ್ಲಿ ಕೆತ್ತುವುದು? ಫಡ್ಕೆ, ಥಾರ್ಪ್, ಪೈ ಇವರಿಗೆ ಪದಕಗಳು ಬಂದುದು ಯೋಗ್ಯವೇ. ದೇಶದ ಜಾಲವನ್ನು ನಡೆಸುವ ಸಂಸ್ಥೆ ದೆಹಲಿಯ ಐಐಟಿಯ ಸಹಯೋಗದಲ್ಲಿ, ವಿದ್ಯುತ್ ವ್ಯವಸ್ಥೆಯನ್ನು ಕುರಿತ ಸ್ನಾತಕೋತ್ತರ ಮತ್ತು ಡಾಕ್ಟರೇಟ್ ಪ್ರಬಂಧಗಳಿಗೆ ಪುರಸ್ಕಾರಗಳನ್ನು ಕೊಡುತ್ತ ಬಂದಿರುವುದು ಇನ್ನೂ ಯೋಗ್ಯ, ಏಕೆಂದರೆ ಅದು ಇನ್ನೂ ಹೆಸರು ಮಾಡದವರನ್ನು ಹುಡುಕುತ್ತದೆ. ಆದರೆ ಪ್ರಬಂಧ ಬರೆಯದವರೂ ಉಂಟು. ಉಪಕೇಂದ್ರದ ಬಿಸಿಲಿನಲ್ಲಿ ಆಂಟೆನಾವನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದವನು, ಮಾಪಕದ ತಂತಿಯೊಂದನ್ನು ತಿರುಗುಮುರುಗಾಗಿ ಜೋಡಿಸಿದ್ದನ್ನು ಪರದೆಯ ಮೇಲಿನ ನೂರೆಂಬತ್ತು ಅಂಶದ ವ್ಯತ್ಯಾಸದಿಂದ ಕಂಡುಹಿಡಿದು ತಿದ್ದಿದವಳು, ರಾತ್ರಿಯ ಮೂರು ಗಂಟೆಗೆ ಏರುತ್ತಿರುವ ಕೋನವನ್ನು ಕಂಡು, ಯಾರ ಅಪ್ಪಣೆಗೂ ಕಾಯದೆ, ದೂರದ ವಿದ್ಯುದಾಗಾರಕ್ಕೆ ಕರೆಮಾಡಿದ ಪಾಳಿಯ ಎಂಜಿನಿಯರು: ಇವರ ಸಹಿ ನಿಯಂತ್ರಣ ಕೊಠಡಿಯ ದಿನಚರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಆ ಪುಸ್ತಕಗಳನ್ನು ಜೋಪಾನವಾಗಿ ಕಾಯ್ದಿಟ್ಟು, ಮುಖ್ಯವಾದ ರಾತ್ರಿಗಳ ಪುಟಗಳನ್ನಾದರೂ ಒಂದು ಗಾಜಿನ ಪೆಟ್ಟಿಗೆಯಲ್ಲಿ ಜನರು ನೋಡುವಂತೆ ಇಡಬೇಕೆಂಬುದು ನನ್ನ ಬಹುದಿನದ ಆಸೆ. 2012ರ ಜುಲೈ 31ರ ಮಧ್ಯಾಹ್ನದ ಪುಟ, 2013ರ ಕೊನೆಯ ರಾತ್ರಿಯ ಪುಟ, ಇವು ಶಾಸನಗಳಿಗಿಂತ ಯಾವ ವಿಧದಲ್ಲಿಯೂ ಕಡಮೆಯಲ್ಲ.

ಹೊರಮಾವು ಈಗ ಮಹಾನಗರದ ಒಂದು ವಾರ್ಡು. ಹೊಲಗಳಿದ್ದೆಡೆಯಲ್ಲಿ ಎತ್ತರದ ಕಟ್ಟಡಗಳು ಎದ್ದಿವೆ. ಕರೆಂಟು ಹೋಗುವುದು ಪೂರಾ ನಿಂತಿಲ್ಲ, ಮಳೆಗೆ ಕೊಂಬೆ ಬಿದ್ದರೆ ಇಂದಿಗೂ ಹೋಗುತ್ತದೆ. ಆದರೆ ಅದು ಬೀದಿಯ ತೊಂದರೆ, ದೇಶದ ಜಾಲದ್ದಲ್ಲ. ತಂದೆಯವರ ಗಡಿಯಾರ ಅದೇ ಗೋಡೆಯ ಮೇಲಿದೆ. ಕರೆಂಟು ಹೋಗದ ವಾರಗಳಲ್ಲಿ ನಾನು ಅದನ್ನು ಫೋನಿನ ಗಡಿಯಾರದೊಡನೆ ಹೋಲಿಸಿ ನೋಡುವುದುಂಟು: ಒಮ್ಮೆ ಅರ್ಧ ನಿಮಿಷ ಹಿಂದೆ, ಒಮ್ಮೆ ಕೆಲವು ಸೆಕೆಂಡು ಮುಂದೆ. ಕಳೆದ ತಿಂಗಳು ಧೂಳು ಒರಸುವುದಕ್ಕಾಗಿ ಅದನ್ನು ಇಳಿಸಿದಾಗ ಬೆನ್ನಿನ ಚೀಟಿ ಇನ್ನೂ ಅಂಟಿಕೊಂಡಿತ್ತು. ಶಾಯಿ ಮಾಸಿ ‘ದೋಷ’ ಎಂಬುದು ಅಳಿದುಹೋಗಿದೆ, ‘ಇಲ್ಲ’ ಎಂಬುದು ಉಳಿದಿದೆ. ಬರೆದವರ ಹೆಸರನ್ನು ನಾವು ಅಂದು ಕೇಳಿಟ್ಟುಕೊಳ್ಳಲಿಲ್ಲ.